‘ಬೇಡ’ ಎನ್ನುವ ಉದ್ಯೋಗ

ಮೂರು ವರ್ಷಗಳ ಹಿಂದೆ, ಮಳೆ ಹಿಡಿದು ಕೂತ ಒಂದು ಸಂಜೆ, ಡೊಂಬಿವಲಿಯ ನಮ್ಮ ಬಿಡಾರಕ್ಕೆ ಮೇಲಿನ ಮಾಳಿಗೆಯ ಗೃಹಸ್ಥರು ಬಂದರು. ಧಾರವಾಡದ ಕಡೆಯವರು, ರೇಲ್ವೆಯಲ್ಲಿದ್ದು ನಿವೃತ್ತರಾದವರು. ಕೈಯಲ್ಲಿ ಒಂದು ಅರ್ಜಿ, ಮುಖದ ಮೇಲೆ ಕೂಡಿಬಂದ ಸಂಬಂಧ ಮುರಿದುಹೋದವರ ಕಳೆ. ಕುಳಿತವರೇ ಸುರುಮಾಡಿದರು:

“ನೋಡ್ರಿ ರಾಯರ, ಮಗಳಿಗೆ ಸಿವಿಲ್ ಇಂಜಿನಿಯರಿಂಗ್ ಓದಿಸೀನಿ. ಎರಡು ವರ್ಷ ನೌಕರೀನೂ ಮಾಡ್ಯಾಳ. ಈಗ ಅದನ್ನ ಬಿಟ್ಟು ಸೇಫ್ಟಿ ಡಿಪ್ಲೊಮಾ ಮಾಡತೀನಿ ಅಂತಾಳ. ಹೆಲ್ಮೆಟ್ ಹಾಕ್ಕೊಳ್ರಿ, ಬೂಟು ಹಾಕ್ಕೊಳ್ರಿ ಅಂತ ಮಂದಿಗೆ ಹೇಳಾಕ ಇಷ್ಟು ಓದಬೇಕೇನ್ರಿ?”

ಚಹಾ ತಂದಿಟ್ಟ ನಮ್ಮ ಮನೆಯಾಕೆ, “ಇವರು ಇಪ್ಪತ್ತೇಳು ವರ್ಷ ಮಾಡಿದ್ದು ಅದೇ ಕೆಲಸ” ಎಂದಳು. ಗೃಹಸ್ಥರು ನಾಲಿಗೆ ಕಚ್ಚಿಕೊಂಡರು.

“ಕೆಲಸ ಒಳ್ಳೆಯದೇ, ಕಳುಹಿಸಿರಿ” ಎಂದಷ್ಟೇ ಅಂದು ಹೇಳಿದೆವು. ಅದು ಅರ್ಧ ಉತ್ತರ. ಈ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕರು ಎರಡು ಸಲ ಜ್ಞಾಪಿಸಿದುದರಿಂದ ಉಳಿದರ್ಧವನ್ನು ಈಗ ಬರೆಯಲು ಕುಳಿತಿದ್ದೇವೆ.

ಕುಂದಾಪುರದ ಕಡೆಯಿಂದ ನಾವು ಮುಂಬಯಿಗೆ ಬಂದುದು 1968ರಲ್ಲಿ, ಹದಿನಾಲ್ಕನೆಯ ಪ್ರಾಯದಲ್ಲಿ. ನಮ್ಮ ತಲೆಮಾರಿನ ಅನೇಕರಂತೆ ನಮ್ಮ ಮೊದಲ ಕಾರಖಾನೆ ಮಾಟುಂಗದ ಒಂದು ಉಡುಪಿ ಹೊಟೇಲು. ಮೊದಲ ಯಂತ್ರ ರುಬ್ಬುವ ಕಲ್ಲು. ಅಲ್ಲಿಯ ಅಡಿಗೆಯ ಭಟ್ಟರು ಮೊದಲ ದಿನವೇ ಒಂದು ಪಾಠ ಹೇಳಿದರು: ಕುದಿಯುವ ಸಾಂಬಾರಿನ ಪಾತ್ರೆ ಹಿಡಿದು ಹೊರಟವನು “ಬಿಸಿ! ಬಿಸಿ!” ಎಂದು ಕೂಗುತ್ತಲೇ ನಡೆಯಬೇಕು, ಕೂಗು ಕೇಳಿದವನು, ಅವನು ಮಾಲಿಕರ ಮಗನಾದರೂ ಸರಿಯೇ, ಗೋಡೆಗೆ ಒರಗಿ ದಾರಿ ಬಿಡಬೇಕು. ಒಮ್ಮೆ ಮಾಲಿಕರೇ ಗಲ್ಲಾ ಬಿಟ್ಟು ಒಳಗೆ ಬಂದವರು ದಾರಿಗೆ ಅಡ್ಡವಾಗಿ ನಿಂತರು. ಭಟ್ಟರು ಎಲ್ಲರೆದುರಿಗೆ ಬೈದುಬಿಟ್ಟರು. ಮಾಲಿಕರು ಮರುಮಾತಿಲ್ಲದೆ ಗೋಡೆಗೆ ಒರಗಿದರು. ಸುರಕ್ಷತೆಯ ನಾಯಕತ್ವವೆಂದು ಇಂದು ಪಂಚತಾರಾ ಹೊಟೇಲುಗಳಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ಕಲಿಸುವುದೆಲ್ಲ ಆ ಒಂದು ಗಳಿಗೆಯಲ್ಲಿತ್ತೆಂದು ಈಗ ಅನಿಸುತ್ತದೆ. ಆಗ ಅನಿಸಿದ್ದು, ಭಟ್ಟರ ಕೆಲಸ ಹೋಯಿತೆಂದು.

ಹಗಲು ಹೊಟೇಲು, ರಾತ್ರಿ ಶಾಲೆ. ಮೊಗವೀರರ, ಬಿಲ್ಲವರ, ಬಂಟರ ಸಂಘಗಳು ಈ ನಗರದಲ್ಲಿ ನಡೆಸಿದ ರಾತ್ರಿ ಶಾಲೆಗಳು ನಮ್ಮಂಥ ಹುಡುಗರಿಗೆ ಏನಾಗಿದ್ದುವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಸ್.ಎಸ್.ಸಿ. ಆಯಿತು, ಆಮೇಲೆ ಸಂಜೆಯ ತರಗತಿಗಳಲ್ಲಿ ಡಿಪ್ಲೊಮಾ ಆಯಿತು. 1978ರಲ್ಲಿ ಒಂದು ರಾಸಾಯನಿಕ ಕಾರಖಾನೆಯಲ್ಲಿ ಪಾಳಿಯ ಮೇಲ್ವಿಚಾರಕರಾದೆವು. ಸುದ್ದಿ ತಿಳಿದು ಊರಿನಲ್ಲಿ ತಾಯಿ ಆನೆಗುಡ್ಡೆಯ ಗಣಪತಿಗೆ ಪಂಚಕಜ್ಜಾಯ ಮಾಡಿಸಿದರು.

ಮುಂದಿನ ವರ್ಷದ ಸಂಗತಿಯನ್ನು ಬರೆಯುವುದು ಸುಲಭವಲ್ಲ. ಕಾರಖಾನೆಯ ಹೆಸರು ಬೇಡ; ಅದು ಮುಚ್ಚಿ ಎಷ್ಟೋ ಕಾಲವಾಗಿ, ಅಲ್ಲಿ ಈಗ ಮನೆಗಳೆದ್ದಿವೆ.

ಒಂದು ರಿಯಾಕ್ಟರ್ — ಎರಡಾಳೆತ್ತರದ ಉಕ್ಕಿನ ಹಂಡೆಯೆಂದು ತಿಳಿಯಿರಿ — ತೊಳೆಯುವುದಿತ್ತು. ರಾತ್ರಿ ಪಾಳಿಯವರು ಅದರೊಳಗೆ ನೈಟ್ರೊಜನ್ ಹಾಯಿಸಿಟ್ಟಿದ್ದರು. ನೈಟ್ರೊಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ವಿಷವೂ ಅಲ್ಲ, ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅದೇ. ಅದು ಮಾಡುವ ಅನ್ಯಾಯ ಒಂದೇ: ಆಮ್ಲಜನಕವನ್ನು ಹೊರಗೆ ತಳ್ಳಿ ತಾನು ಜಾಗ ಹಿಡಿಯುತ್ತದೆ. ಗಾಳಿಯಲ್ಲಿ ನೂರಕ್ಕೆ 21ರಷ್ಟಿರುವ ಆಮ್ಲಜನಕ 19.5ಕ್ಕಿಂತ ಕೆಳಗಿಳಿದ ಜಾಗಕ್ಕೆ ಮನುಷ್ಯನನ್ನು ಇಳಿಸಕೂಡದು. ಇನ್ನೂ ಬಹಳ ಇಳಿದರಂತೂ ಒಂದೆರಡು ಉಸಿರಿನಲ್ಲಿ ಎಚ್ಚರ ತಪ್ಪುತ್ತದೆ. ಉಸಿರು ಕಟ್ಟುತ್ತಿದೆಯೆಂಬ ಸೂಚನೆ ಸಹ ದೇಹಕ್ಕೆ ದೊರೆಯುವುದಿಲ್ಲ. 1948ರ ಕಾರಖಾನೆಗಳ ಕಾಯಿದೆಯ 36ನೆಯ ಕಲಮು ಇಂಥ ಕೆಲಸಕ್ಕೆಂದೇ ಇದ್ದುದು. ಬಲ್ಲವನೊಬ್ಬ ಒಳಗಿನ ಗಾಳಿಯನ್ನು ತಾನೇ ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು. ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣ ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು, ಆ ಪಟ್ಟಿಯ ಹಗ್ಗದ ತುದಿಯನ್ನು ಹೊರಗಿನವನೊಬ್ಬ ಹಿಡಿದು ನಿಂತಿರಬೇಕು.

ಬೆಳಗಿನ ಪಾಳಿಗೆ ಬಂದ ನಮ್ಮೆದುರಿಗೆ ಅನುಮತಿಯ ಕಾಗದ ಬಂತು. ಹಿಂದಿನ ವಾರ ಇಂಥದೇ ಹಂಡೆಯನ್ನು ತೊಳೆದಿದ್ದರು, ಏನೂ ಆಗಿರಲಿಲ್ಲ. ಸಹಿ ಮಾಡಿದೆವು. ಇಳಿಯಬೇಕಾಗಿದ್ದವನು ಗುತ್ತಿಗೆಯ ಆಳು. ಬಿಜಾಪುರದ ಕಡೆಯವನು, ಇಪ್ಪತ್ತೆರಡರ ಪ್ರಾಯ ಇದ್ದೀತು. ನಾವು ಕನ್ನಡದವರೆಂದು ಅವನಿಗೆ ಗೊತ್ತಿತ್ತು. ಹಂಡೆಯ ಬಾಯಿಯ ಹತ್ತಿರ ನಿಂತು ಕೇಳಿದ: “ಒಳಗ ಹವಾ ಐತೇನ್ರಿ ಸಾಹೇಬ್ರ?”

“ಇದೆ, ಇಳಿ” ಎಂದೆವು.

ಅವನು ಬೇರೆ ಯಾರನ್ನೂ ಕೇಳಲಿಲ್ಲ.

ಏಣಿಯ ನಾಲ್ಕು ಮೆಟ್ಟಿಲು ಇಳಿದವನು ಕೈಬಿಟ್ಟು ಬಿದ್ದ. ಸದ್ದು ಕೇಳಿ ಅವನ ಜೊತೆಗಾರ ತಾನೂ ಒಳಗೆ ಧುಮುಕಲು ಹೋದ. ನಮಗೆ ಬಾಯಿ ಬರಲಿಲ್ಲ. ಹತ್ತಿರದಲ್ಲಿ ಸರಪಣಿ ಎಳೆಯುತ್ತಿದ್ದ ರತ್ನಾಗಿರಿಯ ಮುದುಕ ಖಲಾಸಿಯೊಬ್ಬ ಓಡಿ ಬಂದು ಆ ಜೊತೆಗಾರನ ಸೊಂಟ ಹಿಡಿದು, “ಥಾಂಬ್! ಥಾಂಬ್!” ಎಂದು ಕೂಗುತ್ತ ಅವನನ್ನು ನೆಲಕ್ಕೆ ಕೆಡವಿ ಮೇಲೆ ಕುಳಿತುಬಿಟ್ಟ. ಉಸಿರಾಟದ ಉಪಕರಣ ಹುಡುಕಿ ತಂದು ಬಿದ್ದವನನ್ನು ಎತ್ತುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅವನು ಬದುಕಲಿಲ್ಲ. ಜೊತೆಗಾರ ಬದುಕಿದ. ಆ ಖಲಾಸಿಗೆ ಓದುಬರಹ ಬರುತ್ತಿರಲಿಲ್ಲ.

ವಿಚಾರಣೆ ನಡೆದು ನಮಗೆ ಎರಡು ವರ್ಷದ ಬಡ್ತಿ ತಪ್ಪಿತು; ಅಷ್ಟೆ. ಸತ್ತವನ ತಾಯಿ ಊರಿನಿಂದ ಬಂದಳು. ಪರಿಹಾರದ ಕಾಗದವನ್ನು ಅವಳಿಗೆ ಕನ್ನಡದಲ್ಲಿ ಹೇಳಲು ಕಚೇರಿಯವರು ನಮ್ಮನ್ನೇ ಕರೆಸಿದರು. ಹೇಳಿದೆವು. “ನಮ್ಮ ಕಡೀ ಮಂದಿ ಅದೀರಿ, ಪುಣ್ಯಾ ಬಂತು” ಎಂದು ಆಕೆ ನಮಗೆ ಕೈಮುಗಿದಳು.

ಆ ಕಾರಖಾನೆಯಲ್ಲಿ ಆಗ ಸುರಕ್ಷಾಧಿಕಾರಿ ಎಂಬವರೇ ಇರಲಿಲ್ಲ. 1976ರ ತಿದ್ದುಪಡಿಯಿಂದ ಕಾಯಿದೆಗೆ ಸೇರಿದ 40-ಬಿ ಕಲಮು ಸಾವಿರ ಮತ್ತು ಮೇಲ್ಪಟ್ಟು ಕಾರ್ಮಿಕರಿರುವಲ್ಲಿ ಅಂಥವರನ್ನು ನೇಮಿಸಬೇಕೆಂದಿತ್ತು; ನಮ್ಮಲ್ಲಿ ಇದ್ದವರು ನಾನೂರು. ಸಾವಾದ ಮೇಲೆ ಆಡಳಿತದವರು ಒಬ್ಬ ವಯಸ್ಸಾದ ಪಾರ್ಸಿ ಸಾಹೇಬರನ್ನು ಆ ಕೆಲಸಕ್ಕೆ ತಂದರು. ತಮಗೆ ಸಹಾಯಕನೊಬ್ಬ ಬೇಕೆಂದು ಅವರು ಕೇಳಿಕೊಂಡುದು — ಎಲ್ಲರಿಗೂ ಆಶ್ಚರ್ಯವಾಗುವಂತೆ — ನಮ್ಮನ್ನು. “ನೀನು ಇನ್ನು ಮರೆಯಲಾರೆ, ನನಗೆ ಅಂಥವನೇ ಬೇಕು” ಎಂದರು.

ನಾಳಿನ ಸುರಕ್ಷಾಧಿಕಾರಿಯನ್ನು ಬೆಳೆಸುವುದು ಹೇಗೆಂದು ಯಾರಾದರೂ ಕೇಳಿದರೆ ನಮಗೆ ಬಾವಾಜಿಯ ನೆನಪೇ ಮೊದಲು ಬರುವುದು. ಮೂರು ತಿಂಗಳು ಅವರು ನಮ್ಮ ಕೈಗೆ ಒಂದು ಕಾಗದ ಕೊಡಲಿಲ್ಲ. ದಿನಕ್ಕೊಂದು ಜಾಗದಲ್ಲಿ ಒಂದು ತಾಸು ಸುಮ್ಮನೆ ನಿಲ್ಲಿಸುವರು, ಆಮೇಲೆ “ಏನು ನೋಡಿದೆ?” ಎಂದು ಕೇಳುವರು. ಮೊದಲ ವಾರವೆಲ್ಲ “ಏನಿಲ್ಲ” ಎಂದೆವು. ಎರಡನೆಯ ವಾರ ಕಣ್ಣು ಬಂತು. ಒಂದು ಕವಾಟದ ಚಕ್ರ ಎಷ್ಟು ಎತ್ತರದಲ್ಲಿತ್ತೆಂದರೆ ಅದನ್ನು ತಿರುಗಿಸಲು ಪ್ರತಿಯೊಬ್ಬನೂ ಎಣ್ಣೆಯ ಡ್ರಮ್ಮಿನ ಮೇಲೆ ಹತ್ತುತ್ತಿದ್ದ. ಹತ್ತು ವರ್ಷಗಳಿಂದ ಹತ್ತುತ್ತಿದ್ದರು. ಯಾರೂ ಬಿದ್ದಿರಲಿಲ್ಲವಾದುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇನ್ನು ಅವರ ಎರಡನೆಯ ವಿದ್ಯೆ, ಮಧ್ಯಾಹ್ನದ ಚಹದ ಹೊತ್ತಿಗೆ ಕಾರ್ಮಿಕರ ನಡುವೆ ಕೂತು ಕೂದಲೆಳೆಯಲ್ಲಿ ತಪ್ಪಿಹೋದ ಅಪಘಾತಗಳನ್ನು ಕೇಳುವುದು. ಅಂಗಡಿಯ ಭಾಷೆಯಲ್ಲಿ ಅದಕ್ಕೆ “ಬಾಲ್ ಬಾಲ್ ಬಚಾ” ಎಂದು ಹೆಸರು. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್‌ರಿಕ್ ಎಂಬಾತ 1931ರಲ್ಲಿ ಒಂದು ಪುಸ್ತಕ ಬರೆದು, ಒಂದು ದೊಡ್ಡ ಅಪಘಾತದ ಹಿಂದೆ 29 ಸಣ್ಣ ಗಾಯಗಳೂ ಗಾಯವೇ ಆಗದ 300 ಘಟನೆಗಳೂ ಇರುತ್ತವೆಂದು ಹೇಳಿದ. ಆ ಲೆಕ್ಕವನ್ನು ಮುಂದಿನ ಪಂಡಿತರು ಬಹಳವಾಗಿ ಪ್ರಶ್ನಿಸಿದ್ದಾರೆ. ಬಾವಾಜಿಗೆ ಲೆಕ್ಕದ ಗೊಡವೆಯಿರಲಿಲ್ಲ. ಮುನ್ನೂರೋ ಮೂವತ್ತೋ, ಕೇಳದೆ ಯಾರೂ ಹೇಳರು. ಹೇಳಿದವನಿಗೆ ಶಿಕ್ಷೆಯಾದರಂತೂ ಎರಡನೆಯ ಸಲ ಹೇಳರು ಎಂಬುದಷ್ಟೇ ಅವರ ಶಾಸ್ತ್ರ.

ಮೂರನೆಯದು ಕಥೆ. ಅವರು ಕೋಟೆಯಲ್ಲಿ ಹುಟ್ಟಿ ಬೆಳೆದವರು; 1944ರ ಏಪ್ರಿಲ್ 14ರಂದು ಶಾಲೆಯ ಹುಡುಗ. ಆ ದಿನ ವಿಕ್ಟೋರಿಯ ಡಾಕಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ನಿಂತಿತ್ತು. ಒಳಗೆ ಸುಮಾರು 1,400 ಟನ್ನು ಸ್ಫೋಟಕ, ಅದರ ಜೊತೆಗೇ ಹತ್ತಿಯ ಅಂಡಿಗೆಗಳು, ಮೇಲೆ ಚಿನ್ನದ ಗಟ್ಟಿಗಳು. ಮಧ್ಯಾಹ್ನ ಹೊಗೆ ಕಂಡಿತು. ಹಡಗನ್ನು ನಿಂತಲ್ಲೇ ಮುಳುಗಿಸಬೇಕೆ, ಎಳೆದು ಸಮುದ್ರಕ್ಕೆ ಒಯ್ಯಬೇಕೆ, ಜನರನ್ನು ಓಡಿಸಬೇಕೆ? ಕಪ್ತಾನನಿದ್ದ, ಬಂದರದವರಿದ್ದರು, ಅಗ್ನಿಶಾಮಕ ದಳದವರಿದ್ದರು, ಸೈನ್ಯದ ಮದ್ದುಗುಂಡಿನ ಅಧಿಕಾರಿಯಿದ್ದ. ಒಬ್ಬೊಬ್ಬರೂ ಸಲಹೆ ಕೊಟ್ಟರು; ಅಪ್ಪಣೆ ಯಾರೂ ಕೊಡಲಿಲ್ಲ. ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ತಾಸಿನೊಳಗೆ ಮತ್ತೊಮ್ಮೆ ಸಿಡಿಯಿತು. ಸತ್ತವರು ನೂರಾರು. ಬೆಂಕಿ ಆರಿಸುತ್ತಿದ್ದ ದಳದವರೇ 66 ಮಂದಿ ಹೋದರು. ಅವರ ನೆನಪಿಗೆಂದೇ ಇಂದಿಗೂ ಏಪ್ರಿಲ್ 14ನ್ನು ದೇಶವೆಲ್ಲ ಅಗ್ನಿಶಾಮಕ ದಿನವೆಂದು ಆಚರಿಸುತ್ತದೆ. ಇಷ್ಟು ಹೇಳಿ ಬಾವಾಜಿ ಕನ್ನಡಕ ಒರೆಸಿಕೊಂಡು ಕೇಳುವರು: “ನಾಳೆ ನಮ್ಮ ಅಂಗಳದಲ್ಲಿ ಹೊಗೆ ಕಂಡರೆ ‘ನಿಲ್ಲಿಸು’ ಎನ್ನುವವನು ಯಾರು? ಹೆಸರು ಹೇಳು.” ನಾವು ಮೇನೇಜರರ ಹೆಸರು ಹೇಳಿದೆವು. “ಅವರು ಊಟಕ್ಕೆ ಹೋಗಿದ್ದಾರೆ” ಎಂದರು.

ಅವರೇ ಹಟಹಿಡಿದು 1984ರಲ್ಲಿ ನಮ್ಮನ್ನು ಡಿಪ್ಲೊಮಾಕ್ಕೆಂದು ಸಯನ್ನಿನ ಕೇಂದ್ರೀಯ ಕಾರ್ಮಿಕ ಸಂಸ್ಥೆಗೆ ಕಳುಹಿಸಿದರು. ಅದು ಸಯನ್ನಿನ ಈಗಿನ ಕಟ್ಟಡಕ್ಕೆ ಬಂದುದು 1966ರಲ್ಲಿ. ಅದೇ ವರ್ಷದ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಪರಿಷತ್ತೂ ಹುಟ್ಟಿತು. ನಿಮ್ಮ ಕಾರಖಾನೆಯಲ್ಲಿ ಪ್ರತಿ ಮಾರ್ಚ್ 4ಕ್ಕೆ ಎದೆಗೆ ಬಿಲ್ಲೆ ಸಿಕ್ಕಿಸುವುದು ಅದರ ನೆನಪಿಗೆ. ನಾವು ಅಲ್ಲಿ ಓದುತ್ತಿರುವಾಗಲೇ ಡಿಸೆಂಬರಿನಲ್ಲಿ ಭೋಪಾಲವಾಯಿತು. ಮರುದಿನ ತರಗತಿಯಲ್ಲಿ ಯಾರೂ ಪುಸ್ತಕ ತೆರೆಯಲಿಲ್ಲ. ದಿನ ಕಳೆದಂತೆ ಒಂದೊಂದೇ ತಿಳಿದುಬಂತು: ವಿಷದ ಟಾಂಕಿಯನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು, ಅನಿಲವನ್ನು ಸುಡುವ ಗೋಪುರ ದುರಸ್ತಿಯಲ್ಲಿತ್ತು. ಒಂದೊಂದಕ್ಕೂ ಯಾರೋ ಒಬ್ಬರು ಸಹಿ ಮಾಡಿದ್ದಿರಬೇಕು ಎಂಬ ಯೋಚನೆ ನಮ್ಮನ್ನು ಬಿಡಲಿಲ್ಲ. 1987ರಲ್ಲಿ ಕಾಯಿದೆಗೆ ಹೊಸ ಅಧ್ಯಾಯ ಸೇರಿ, ಅಪಾಯಕರ ಕಾರಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿ ಕೂತು ಮಾತಾಡುವ ಸುರಕ್ಷತಾ ಸಮಿತಿ ಬಂತು. ಸಾವು ಎದುರಿಗಿದೆಯೆಂದು ಕಂಡರೆ ಹೇಳುವ ಹಕ್ಕು ಕಾರ್ಮಿಕನಿಗೆ ಬಂತು. ಆ ರತ್ನಾಗಿರಿಯ ಖಲಾಸಿ ಎಂಟು ವರ್ಷ ಮೊದಲೇ ಆ ಹಕ್ಕನ್ನು ಚಲಾಯಿಸಿದ್ದ!

1985ರಿಂದ 2012ರವರೆಗೆ ನಾವು ಬೇರೆ ಬೇರೆ ಕಡೆ ಸುರಕ್ಷಾಧಿಕಾರಿಯಾಗಿದ್ದು, ಹನ್ನೊಂದು ಮಂದಿ ಕಿರಿಯರನ್ನು ಕೈಹಿಡಿದು ನಡೆಸಿದೆವು. ಎಲ್ಲರೂ ಫಲಿಸಲಿಲ್ಲ. ಒಬ್ಬನಿಗೆ ಪರೀಕ್ಷೆಯಲ್ಲಿ ಚಿನ್ನದ ಪದಕ, ಕಲಮುಗಳೆಲ್ಲ ಬಾಯಿಪಾಠ, ಗೋಡೆಯ ತುಂಬ ಬಣ್ಣದ ನಕ್ಷೆ. ಒಂದು ಮಧ್ಯಾಹ್ನ ಕ್ರೇನಿನ ಹಗ್ಗದ ಎಳೆ ಬಿಚ್ಚಿದ್ದನ್ನು ಕಂಡವನು ಕೆಲಸ ನಿಲ್ಲಿಸದೆ ಕಚೇರಿಗೆ ಓಡಿಬಂದು, “ಸಾರ್, ನಿಲ್ಲಿಸಲೇ?” ಎಂದು ಅಪ್ಪಣೆ ಕೇಳಿದ. ನಾವು ಉತ್ತರ ಹೇಳುವ ಮೊದಲೇ ಹಗ್ಗ ಹರಿಯಿತು. ಕೆಳಗೆ ಯಾರೂ ಇರಲಿಲ್ಲವೆಂಬುದು ನಮ್ಮೆಲ್ಲರ ಪುಣ್ಯ. ತಪ್ಪು ಅವನದೆಂದು ನಾವು ಹೇಳೆವು. ಅಪ್ಪಣೆಯಿಲ್ಲದೆ ನಿಲ್ಲಿಸಿದರೆ ಬೆನ್ನಿಗೆ ನಾವಿರುತ್ತೇವೆಂದು ಅವನಿಗೆ ನಂಬಿಕೆ ಬರುವಂತೆ ನಾವು ನಡೆದಿರಲಿಲ್ಲ. ಮುಂದೆ ಬಂದವರಿಗೆ ಮೊದಲ ದಿನವೇ ಹೇಳತೊಡಗಿದೆವು: “ಸುಮ್ಮಸುಮ್ಮನೆ ನಿಲ್ಲಿಸಿದಿರೆಂದು ಬೈಗಳು ಬಂದರೆ ಅದು ನಮಗೆ, ನಿಲ್ಲಿಸದೆ ಬಿಟ್ಟರೆ ನಿಮಗೆ.” ಸಾಂಗಲಿಯಿಂದ ಬಂದ ಒಬ್ಬ ಹುಡುಗನಿಗೆ ಮಾತಾಡುವಾಗ ತೊದಲು. ಅವನು ಎರಡು ವರ್ಷದಲ್ಲಿ ಏಳು ಸಲ ನಿಲ್ಲಿಸಿದ. ಎರಡು ಸಲ ಕಾರಣವಿಲ್ಲದೆ. ಆ ಏಳಕ್ಕೂ ನಾವು ಮೇನೇಜರರ ಮುಂದೆ ನಿಂತೆವು. ಕಾರಣವಿಲ್ಲದ ಆ ಎರಡಕ್ಕೆ ನಿಲ್ಲುವಾಗ ಬೆವರಿದುದುಂಟು. ಇಂದು ಅವನ ಕೈಕೆಳಗೆ ಐವತ್ತು ಮಂದಿ ಸುರಕ್ಷಾ ಸಿಬ್ಬಂದಿಯಿದ್ದಾರೆ. ತೊದಲು ಹಾಗೆಯೇ ಇದೆ.

ಮೂವರು ಕೊಲ್ಲಿಯ ದೇಶಗಳಿಗೆ ಹೋದರು. ಒಳ್ಳೆಯ ಸಂಬಳ, ತಪ್ಪಲ್ಲ. ಆದರೆ ಅದೇ ಆಸೆಯಿಂದ ನಮ್ಮ ಹುಡುಗರು ಉಪನಗರದ ಗಲ್ಲಿಗಳಲ್ಲಿ ಹದಿನೈದು ದಿನಕ್ಕೆ ಸರ್ಟಿಫಿಕೇಟು ಕೊಡುವ ಅಂಗಡಿಗಳಿಗೆ ಹಣ ತೆರುವುದನ್ನು ಕಂಡರೆ ಸಿಟ್ಟು ಬರುತ್ತದೆ. ನಿಂತು ನೋಡುವುದನ್ನು ಹದಿನೈದು ದಿನದಲ್ಲಿ ಯಾರೂ ಕಲಿಸಲಾರರು.

ಈ ಕೆಲಸಕ್ಕೆ ನಮ್ಮ ಮನೆಗಳ ಮಕ್ಕಳು ಹೇಳಿ ಮಾಡಿಸಿದವರೆಂದು ನಾವು ಹೇಳುವುದಕ್ಕೆ ಬೇರೊಂದು ಕಾರಣವಿದೆ. ಸುರಕ್ಷಾಧಿಕಾರಿಗಳ ನಿಯಮಗಳಲ್ಲಿ, ಪದವಿ ಅನುಭವಗಳ ಜೊತೆಗೆ, ಆ ಭಾಗದ ಹೆಚ್ಚಿನ ಕಾರ್ಮಿಕರ ಭಾಷೆ ಸಾಕಷ್ಟು ಬರಬೇಕೆಂಬ ಷರತ್ತೊಂದಿದೆ. ನಿಯಮ ಮಾಡಿದವರು ಬುದ್ಧಿವಂತರು. ನಮ್ಮ ಕಾಲದಲ್ಲಿ ಹೆಚ್ಚಿನವರ ಭಾಷೆ ಮರಾಠಿ. ಇಂದು ಮುಂಬಯಿಯ ಒಂದು ಎತ್ತರದ ಕಟ್ಟಡದ ಕಾಮಗಾರಿಗೆ ಹೋಗಿ ನೋಡಿರಿ: ಬಿಹಾರ, ಬಂಗಾಲ, ಒಡಿಶಾ, ನಮ್ಮ ಯಾದಗಿರಿ, ಕಲಬುರಗಿ, ರಾಯಚೂರು. ಮನೆಯಲ್ಲಿ ಕನ್ನಡವೋ ತುಳುವೋ, ಬಾಗಿಲಾಚೆ ಮರಾಠಿ, ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು — ಹೀಗೆ ಬೆಳೆದ ಮಗುವಿಗೆ ಒಬ್ಬನ ಮಾತನ್ನು ಇನ್ನೊಬ್ಬನಿಗೆ ತಿಳಿಸಿ ಹೇಳುವುದು ಎಳವೆಯಿಂದಲೇ ಅಭ್ಯಾಸ. ಬ್ಯಾಂಕಿನಲ್ಲಿ ಅಜ್ಜಿಯ ಪರವಾಗಿ ಮಾತಾಡಿದ ಮಗು ಅದು. ಆದರೆ ತನ್ನ ಭಾಷೆಯವನು ಹೇಳಿದುದನ್ನು ಮನುಷ್ಯ ಎರಡನೆಯ ಸಲ ಪರೀಕ್ಷಿಸುವುದಿಲ್ಲ; ಅದನ್ನು ನಾವು ಬಲ್ಲೆವು.

ಉದ್ಯೋಗವಿದೆಯೇ ಎಂದು ತಂದೆತಾಯಿಗಳು ಕೇಳುವುದು ನ್ಯಾಯವೇ. 2020ರ ವೃತ್ತಿ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ 500 ಕಾರ್ಮಿಕರ ಕಾರಖಾನೆಗೂ, ಅಪಾಯಕರ ಕೆಲಸವಿದ್ದರೆ ಅಥವಾ ಕಟ್ಟಡದ ಕಾಮಗಾರಿಯಾದರೆ 250 ಮಂದಿಗೂ ಸುರಕ್ಷಾಧಿಕಾರಿ ಬೇಕು. ಆದರೆ ಇಪ್ಪತ್ತು ಹುಡುಗರಿರುವ ನಮ್ಮ ಹೊಟೇಲುಗಳು ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. 2015ರ ಅಕ್ಟೋಬರಿನಲ್ಲಿ ಕುರ್ಲಾದ ಒಂದು ಹೊಟೇಲಿನಲ್ಲಿ ಗ್ಯಾಸಿನಿಂದ ಬೆಂಕಿ ಹತ್ತಿ ಎಂಟು ಮಂದಿ ಸತ್ತರು. ಅಡಿಗೆಮನೆಗೆ ಅಧಿಕಾರಿ ಬರುವುದಿಲ್ಲ. ಅಲ್ಲಿ ಭಟ್ಟರೇ ಆಗಬೇಕು. ಮಾಲಿಕರು ಗೋಡೆಗೆ ಒರಗಲು ಕಲಿಯಬೇಕು. ಇನ್ನು ನಾವಿರುವ ಡೊಂಬಿವಲಿಯ ಮಾತು ಹೇಳುವುದೇ ಬೇಡ. ಇಲ್ಲಿಯ ಎಂ.ಐ.ಡಿ.ಸಿ.ಯ ರಾಸಾಯನಿಕ ಕಾರಖಾನೆಗಳಲ್ಲಿ 2016ರ ಮೇ 26ರಂದು ಒಂದು ಸ್ಫೋಟ, 2024ರ ಮೇ 23ರಂದು ಇನ್ನೊಂದು. ಎರಡರಲ್ಲೂ ಹತ್ತಕ್ಕೆ ಮೇಲ್ಪಟ್ಟು ಸಾವು. ಎರಡು ಸಲವೂ ನಮ್ಮ ಮನೆಯಾಕೆ ಗಾಜಿನ ಚೂರು ಗುಡಿಸಿದ್ದಾಳೆ.

ಮೇಲಿನ ಮಾಳಿಗೆಯ ಹುಡುಗಿ ಡಿಪ್ಲೊಮಾ ಮುಗಿಸಿ ಒಂದು ಕಟ್ಟಡದ ಕಾಮಗಾರಿಯಲ್ಲಿ ಕೆಲಸಕ್ಕೆ ಸೇರಿದಳು. 2025ರ ಮಾರ್ಚಿನಲ್ಲಿ ನಾಗಪಾಡಾದಲ್ಲಿ ಹೊಸ ಕಟ್ಟಡವೊಂದರ ನೆಲದೊಳಗಿನ ನೀರಿನ ಟಾಂಕಿಗೆ ಇಳಿದ ನಾಲ್ವರು ಕಾರ್ಮಿಕರು ಉಸಿರುಕಟ್ಟಿ ಸತ್ತ ಸುದ್ದಿ ಬಂದ ರಾತ್ರಿ, ಅವಳು ಕೆಳಗೆ ಬಂದು ನಮ್ಮೆದುರಿಗೆ ಬಹಳ ಹೊತ್ತು ಕುಳಿತಿದ್ದಳು. ಬಿಜಾಪುರದ ಹುಡುಗನ ಕಥೆಯನ್ನು ನಾವು ಮೊದಲ ಸಲ ಮನೆಯ ಹೊರಗಿನವರಿಗೆ ಹೇಳಿದುದು ಅವತ್ತು. ಆಕೆ ಏನೂ ಹೇಳದೆ ಎದ್ದು ಹೋದಳು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತರ ಮೇಲೆ ಫೋನು ಬಂತು.

“ಕಾಕಾ, ಇವತ್ತು ಟಾಂಕಿ ಕೆಲಸ ನಿಲ್ಲಿಸಿದೆ. ನಾಲ್ಕು ತಾಸು. ಎಲ್ಲಾರೂ ಸಿಟ್ಟಾಗ್ಯಾರ. ನಾಳೆ ದೊಡ್ಡ ಸಾಹೇಬ್ರು ಕರದಾರ.”

“ಎಷ್ಟಿತ್ತು?” ಎಂದೆವು.

“ಹದಿನೇಳು. ಮ್ಯಾಲೆ ಒಮ್ಮೆ ನೋಡಿದೆ, ಹಗ್ಗದಾಗ ಮೀಟರು ಇಳಿಬಿಟ್ಟು ತಳದಾಗೊಮ್ಮೆ ನೋಡಿದೆ.”

“ಇಳಿಯಬೇಕಾದವರು ಯಾರು?”

“ಮೂರು ಮಂದಿ ಮಾಲ್ದಾದವರು, ಇಬ್ಬರು ಯಾದಗಿರಿಯವರು. ಇವರಿಬ್ಬರೂ ಬೆಲ್ಟು ಕಟಿಗೊಂಡು ನಿಂತಿದ್ರು. ಇಳೀಬ್ಯಾಡ್ರಿ ಅಂದೆ. ‘ನೀವು ಹೇಳಿದ ಮ್ಯಾಲೆ ಮುಗೀತ್ರಿ ಅಕ್ಕಾರ’ ಅಂದು ಬೆಲ್ಟು ಬಿಚ್ಚಿಟ್ಟರು.”

ದೊಡ್ಡ ಸಾಹೇಬರು ಬೈದರಂತೆ, ಕೆಲಸದಿಂದ ತೆಗೆಯಲಿಲ್ಲ. ಗಾಳಿ ಊದುವ ಯಂತ್ರ ಈಗ ಆ ಟಾಂಕಿಯ ಬಳಿಯಲ್ಲೇ ಇರುತ್ತದಂತೆ. ಅವಳ ತಂದೆ ಮರುವಾರ ಧಾರವಾಡ ಪೇಡೆಯ ಡಬ್ಬಿ ಹಿಡಿದು ಬಂದರು. ಯಾತಕ್ಕೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮಲ್ಲಿ ಹಳೆಯ ಟಿಪ್ಪಣಿ ಪುಸ್ತಕಗಳು ಮೂರು, ಬಾವಾಜಿಯ “ಬಾಲ್ ಬಾಲ್ ಬಚಾ” ದಾಖಲೆಯ ಒಂದು ಪ್ರತಿ, ಡಿಪ್ಲೊಮಾದ ಹಳೆಯ ಪ್ರಶ್ನಪತ್ರಿಕೆಗಳು ಇವೆ. ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇವೆ. ಹುಡುಗ ಹುಡುಗಿಯರು ಯಾರೂ ಬರಬಹುದು. ಹೊಟೇಲಿನವರು ಅಡಿಗೆಯವರನ್ನು ಜೊತೆಗೆ ಕರೆತಂದರೆ ಇನ್ನೂ ಒಳ್ಳೆಯದು.